ಪೀಟ್ ಕೋರ್ ಕೊಳವೆ: ಸಮ್ಮೇಳನದ ಮಳಿಗೆಯಲ್ಲಿ ಎಷ್ಟು ಕೆಲಸ ಮಾಡುತ್ತದೆ?

ಕಾಡಿಗೆ ದೇಣಿಗೆ ಕೇಳಲು ಒಂದು ಒಳ್ಳೆಯ ಫೋಟೊ ಸಾಕು. ಪೀಟ್ ಎಂದರೆ ನೀರು ನಿಂತ ನೆಲದಲ್ಲಿ ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿದ ಸಸ್ಯಗಳ ಅವಶೇಷ. ಪೀಟ್ ಜೌಗಿನ ಫೋಟೊದಲ್ಲಿ ಕಾಣುವುದು ಪಾಚಿ, ಹುಲ್ಲು, ಕಪ್ಪು ನೀರು ಇಷ್ಟೇ; ಉಳಿಸಬೇಕಾದ ಸಂಪತ್ತೆಲ್ಲ ಅದರಡಿಯಲ್ಲಿದೆ. ಪೀಟ್ ಜೌಗು ಭೂಮಿಯ ನೆಲದಲ್ಲಿ ಸುಮಾರು 3% ಮಾತ್ರ. ಆದರೂ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಅಲ್ಲಿದೆ. 2021ರ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಪೀಟ್ ಜೌಗಿಗೇ ಒಂದು ಪ್ರತ್ಯೇಕ ಪೆವಿಲಿಯನ್ ಬಂತು. ಅಂಥ ಜಾಗದಲ್ಲಿ ಈ ಅಂಕಿಯನ್ನು ಫಲಕದಲ್ಲಿ ಬರೆದರೆ ಜನ ಓದಿ ಮುಂದೆ ಹೋಗುತ್ತಾರೆ. ಅವರನ್ನು ನಿಲ್ಲಿಸುವ ವಸ್ತು ಕೋರ್ ಕೊಳವೆ, ಅಂದರೆ ಜೌಗಿನಿಂದ ಕೊರೆದು ತೆಗೆದ ಪೀಟ್ ತುಂಡನ್ನು (ಕೋರ್) ಇಟ್ಟ ಕೊಳವೆ.

ಪೀಟ್ ಕೊರೆದು ತೆಗೆಯುವ ಉಪಕರಣವಾದ ರಷ್ಯನ್ ಕೋರರ್‌ನಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 50 ಸೆಂ.ಮೀ. ಉದ್ದದ, ಅರ್ಧ ಸಿಲಿಂಡರ್ ಆಕಾರದ ತುಂಡು ಬರುತ್ತದೆ. ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿ.ಮೀ., ಹಾಗಾಗಿ ಅದರಲ್ಲಿ ಹತ್ತಿರಹತ್ತಿರ 500 ವರ್ಷ ಅಡಗಿದೆ. ಪಾರದರ್ಶಕ ಅಕ್ರಿಲಿಕ್ ಕೊಳವೆಯಲ್ಲಿ ನಿಲ್ಲಿಸಿ, ಪಕ್ಕದಲ್ಲಿ ವರ್ಷಗಳ ಪಟ್ಟಿ ಅಂಟಿಸಿದರೆ ಉಳಿದ ಮಾತು ಬೇಕಿಲ್ಲ. ಎರಡು ಬಟ್ಟಲುಗಳಲ್ಲಿ ಮೇಲ್ಪದರದ ಮತ್ತು ಆಳದ ಪೀಟ್ ಇಡುವುದು ಇನ್ನೂ ಚೆನ್ನ. ಮೇಲಿನದನ್ನು ಮುಷ್ಟಿಯಲ್ಲಿ ಹಿಂಡಿದರೆ ತಿಳಿ ನೀರು ಇಳಿಯುತ್ತದೆ, ಪಾಚಿಯ ಎಳೆ ಕೈಯಲ್ಲಿ ಉಳಿಯುತ್ತದೆ. ಚೆನ್ನಾಗಿ ಕೊಳೆತ ಆಳದ್ದನ್ನು ಹಿಂಡಿದರೆ ಬೆರಳ ಸಂದಿಯಿಂದ ಕಪ್ಪು ಕೆಸರೇ ಜಾರಿ ಬರುತ್ತದೆ. ಕೈ ಒರೆಸಲು ಒದ್ದೆ ಬಟ್ಟೆ ಇಡಲು ಮರೆಯಬಾರದು.

ಕೆಡುವುದೂ ಬೇಗ. ಆಗ ತಾನೆ ತೆಗೆದ ಪೀಟ್ ಕಂದು ಬಣ್ಣದ್ದು. ಗಾಳಿ ತಾಗಿದರೆ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗಿ ಪದರಗಳ ಗೆರೆ ಅಳಿಸುತ್ತದೆ. ತೂಕದಲ್ಲಿ ಸುಮಾರು 90% ನೀರೇ ಆದ್ದರಿಂದ ಒಣಗಿದಂತೆ ಕುಗ್ಗಿ ಕೊಳವೆಯಿಂದ ಬಿಟ್ಟುಕೊಂಡು ಬಿರುಕು ಬಿಡುತ್ತದೆ. ಒಮ್ಮೆ ಪೂರ್ತಿ ಒಣಗಿದ ಪೀಟ್ ಮತ್ತೆ ಸುಲಭವಾಗಿ ನೀರು ಹೀರುವುದಿಲ್ಲ. ಮೇಲೆ ನೀರು ಸುರಿದು ಸರಿಮಾಡಲು ಹೋದರೆ ನೀರು ಪಕ್ಕದಲ್ಲಿ ಹರಿದುಹೋಗುತ್ತದೆ. ಕ್ಲಿಂಗ್ ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆ) ಬಿಗಿಯಾಗಿ ಸುತ್ತಿ, ಎರಡೂ ತುದಿಗೆ ರಬ್ಬರ್ ಮುಚ್ಚಳ ಹಾಕಿ, ರಾತ್ರಿ 4 ಡಿಗ್ರಿಯ ಫ್ರಿಜ್‌ನಲ್ಲಿ ಇಡಬೇಕು. ಗಡಿ ದಾಟಿಸುವುದಾದರೆ ಅಸಲಿ ಪೀಟ್ ಬೇಡ: ಬಹಳಷ್ಟು ದೇಶಗಳಲ್ಲಿ ಸಸ್ಯರೋಗದ ಭಯಕ್ಕೆ ಮಣ್ಣು ತರಲು ನಿರ್ಬಂಧವಿದೆ, ಪರವಾನಗಿ ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲೇ ಉಳಿಯುತ್ತದೆ. ರಾಳದಲ್ಲಿ ಎರಕ ಹೊಯ್ದ ಪ್ರತಿಕೃತಿ ಭಾರ, ಹಿಂಡಲೂ ಆಗದು, ಆದರೆ ನಂಬಬಹುದು.

ಇಷ್ಟಾದರೂ ಇದು ಅರ್ಧ ಸಾಧನ. ಕೊಳವೆ ತೋರಿಸುವುದು ವಯಸ್ಸನ್ನು. ದಾನಿಯ ಹಣ ಹೋಗುವುದು ನೀರಿನ ಮಟ್ಟ ಏರಿಸಲು, ಏಕೆಂದರೆ ನೀರು ಬಸಿದು ಒಣಗಿದ ಪೀಟ್ ತನ್ನ ಇಂಗಾಲವನ್ನು ಗಾಳಿಗೆ ಬಿಡುತ್ತದೆ. ಆದ್ದರಿಂದ ಪಕ್ಕದಲ್ಲೇ ನೆಲದಡಿಯ ನೀರಿನ ಮಟ್ಟ ಅಳೆಯುವ ಒಂದು ಡಿಪ್‌ವೆಲ್ ನಿಲ್ಲಿಸಬೇಕು: ತೂತು ಕೊರೆದ ಸಾಧಾರಣ ಪಿವಿಸಿ ಪೈಪು, ಒಳಗೆ ಅಳತೆಪಟ್ಟಿ. ಕಾಲುವೆ ತೋಡಿ ಬಸಿದ ನೆಲದಲ್ಲಿ ನೀರು ಎಷ್ಟು ಕೆಳಗಿದೆ, ಕಾಲುವೆಗೆ ಅಡ್ಡಗಟ್ಟೆ ಹಾಕಿದ ಮೇಲೆ ಎಲ್ಲಿಗೆ ಬಂತು, ಎರಡೂ ಗುರುತು ಅದರ ಮೇಲೆ ಇರಲಿ. 2021ರ ಒಂದು ಅಧ್ಯಯನದ ಪ್ರಕಾರ ನೀರಿನ ಮಟ್ಟ 10 ಸೆಂ.ಮೀ. ಮೇಲೆ ಬಂದರೆ ಹೆಕ್ಟೇರಿಗೆ ವರ್ಷಕ್ಕೆ ಕನಿಷ್ಠ 3 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ ಇಳಿಯುತ್ತದೆ. ನೀರು ಮೇಲ್ಮೈಯಿಂದ 30 ಸೆಂ.ಮೀ. ಆಳಕ್ಕೆ ಬರುವವರೆಗೆ ಈ ಲೆಕ್ಕ ನಡೆಯುತ್ತದೆ. ಹಣ ಕೊಡುವವರು ಬರೆದುಕೊಳ್ಳುವುದು ಇದನ್ನೇ.

ಫಲಕದಲ್ಲಿ ಪದೇಪದೇ ಆಗುವ ತಪ್ಪು, "ಇಷ್ಟು ಟನ್ ಹೀರುತ್ತದೆ" ಎಂದು ಬರೆಯುವುದು. ಮತ್ತೆ ನೀರು ತುಂಬಿಸಿದಾಗ ಮೊದಲು ಸಿಗುವ ಲಾಭ ಇಂಗಾಲದ ಸೋರಿಕೆ ನಿಲ್ಲುವುದು. ಹೊಸ ಪೀಟ್ ಬೆಳೆಯುವುದು ಆಮೇಲಿನ, ಬಹಳ ನಿಧಾನದ ಮಾತು. ಶುರುವಿನಲ್ಲಿ ಮೀಥೇನ್ ಏರಬಹುದು ಎಂಬುದನ್ನೂ ಕೇಳುವ ಮೊದಲೇ ಹೇಳಿಬಿಡಿ. ತಿಳಿದ ದಾನಿ ಅದನ್ನು ಕೇಳಿಯೇ ಕೇಳುತ್ತಾರೆ. ನೆಲ ಯಾರದ್ದು, ಅಡ್ಡಗಟ್ಟೆ ಕೊಚ್ಚಿಹೋದರೆ ಕಟ್ಟುವವರು ಯಾರು, ಡಿಪ್‌ವೆಲ್ ಓದುವವರಿಗೆ ಸಂಬಳ ಎಷ್ಟು ವರ್ಷಕ್ಕೆ ಮೀಸಲಿದೆ ಎಂಬ ಮೂರು ಉತ್ತರಗಳ ಒಂದು ಹಾಳೆ ಕೊಳವೆಯ ಬುಡದಲ್ಲಿ ಸಿದ್ಧವಿರಲಿ.