ಮಂಗಳೂರಿನ ದಕ್ಕೆ: ಮೀನಿಗೆ ಪೂರ್ತಿ ಅಂಕ, ನೆಲಕ್ಕೆ ಸೊನ್ನೆ

ಮಂಗಳೂರಿನಲ್ಲಿ ಮೀನು ಮಾರುವ ಎಸಿ ಅಂಗಡಿಗಳಿಗೆ ಈಗ ಬರವಿಲ್ಲ. ಗಾಜಿನ ಹಿಂದೆ ಸಾಲಾಗಿ ಮಲಗಿಸಿದ ಅಂಜಲ್ (ಕಿಂಗ್‌ಫಿಶ್) ಮೀನು, ಕಂಪ್ಯೂಟರ್ ಬಿಲ್ಲು, ಒರೆಸಿದ ನೆಲ, ಎಲ್ಲ ಉಂಟು. ಆದರೂ ಮೀನಿನ ರುಚಿ ಗೊತ್ತಿದ್ದವರು ಬೆಳಕು ಹರಿಯುವ ಮೊದಲೇ ಬಂದರಿನ ದಕ್ಕೆಗೆ ಇಳಿಯುತ್ತಾರೆ. ಊರಿನ ಒಳ್ಳೆಯ ಮೀನೂ ಅಲ್ಲೇ, ಊರಿನ ಕೆಟ್ಟ ನೆಲವೂ ಅಲ್ಲೇ.

ದಕ್ಕೆ ಅಂಗಡಿಯಲ್ಲ, ಬೋಟಿನಿಂದ ಮೀನು ಇಳಿಸುವ ಕಟ್ಟೆ. ಇಲ್ಲಿ ಗಿರಾಕಿಯನ್ನು ಕರೆದು ಕೂರಿಸುವವರಿಲ್ಲ. ಐಸ್ ಹೊತ್ತ ಗಾಡಿ ಬಂದರೆ ನೀವೇ ಸರಿಯಬೇಕು, ಸರಿಯದಿದ್ದರೆ ತುಳುವಿನಲ್ಲಿ ಒಂದೆರಡು ಮಾತು ಕೇಳಿಸಿಕೊಳ್ಳಬೇಕು. ಚಪ್ಪಲಿ ರಬ್ಬರಿನದ್ದಿರಲಿ, ಪ್ಯಾಂಟು ಮಡಚಿರಲಿ.

ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಅಳಿವೆ ಬಾಗಿಲಿನಲ್ಲಿ ಕಡಲಿಗೆ ಬೀಳುತ್ತವಲ್ಲ, ಅದರ ಒಳಮಗ್ಗುಲಿನ ಹಳೆ ಬಂದರು ಇದು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು, ದೊಡ್ಡ ಹಡಗುಗಳೆಲ್ಲ ಅತ್ತ ಹೋದವು. ಇಲ್ಲಿ ಉಳಿದದ್ದು ಮೀನು, ಮತ್ತೆ ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ ಒಯ್ಯುವ ಮಂಜಿಗಳು. ಘಟ್ಟದ ಮೇಲಿನವರಿಗೆ ಒಂದು ಎಚ್ಚರಿಕೆ: ಮಂಜಿ ಅಂದರೆ ಮರದ ಹಡಗು, ಮಾಂಜಿ ಅಂದರೆ ಪಾಂಫ್ರೆಟ್. ಒಂದು ದೀರ್ಘ ತಪ್ಪಿದರೆ ಪಕ್ಕದವರಿಗೆ ಬೆಳಗಿನ ನಗುವಿಗೆ ವಸ್ತು ಸಿಕ್ಕಿತು.

ಇಲ್ಲಿ ಮೀನಿಗಿಂತ ಮೊದಲು ಬೋಟನ್ನು ನೋಡಬೇಕು. ಮೀನಿನ ಹಿಂಡನ್ನು ಬಲೆಯಿಂದ ಸುತ್ತುವ ಪರ್ಸೀನ್ ಬೋಟು ಹೋದ ದಿನವೇ ತಿರುಗಿ ಬರುತ್ತದೆ, ಅದರಲ್ಲಿ ಬರುವುದು ಮುಖ್ಯವಾಗಿ ಬೂತಾಯಿ (ಸಾರ್ಡೀನ್), ಬಂಗುಡೆ (ಮ್ಯಾಕೆರೆಲ್). ಬಲೆ ಎಳೆದುಕೊಂಡು ಸಾಗುವ ಆಳಸಮುದ್ರದ ಟ್ರಾಲ್ ಬೋಟು ವಾರದ ಮೇಲೆಯೂ ಕಡಲಲ್ಲೇ ಇರುತ್ತದೆ. ಮೊದಲ ದಿನ ಹಿಡಿದ ಮೀನು ಐಸಿನ ಕೋಣೆಯ ತಳದಲ್ಲಿ, ಕೊನೆಯ ದಿನದ್ದು ಮೇಲೆ. ಒಂದೇ ಬೋಟಿನಿಂದ ಇಳಿದ ಎರಡು ಬುಟ್ಟಿಗಳ ನಡುವೆ ಎಂಟು ದಿನದ ಅಂತರ ಇರಬಹುದು! ಆದ್ದರಿಂದ "ಫ್ರೆಶ್ಶಾ?" ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಹೌದೆನ್ನುತ್ತಾರೆ. "ಯಾವ ಬೋಟಿನದ್ದು, ಎಷ್ಟು ದಿನದ ಬೋಟು?" ಎಂದು ಕೇಳಿ. ಹೀಗೆ ಕೇಳುವ ಗಿರಾಕಿಗೆ ಮೀನು ಗೊತ್ತು ಎಂಬುದು ಮಾರುವವರಿಗೂ ಅರ್ಥವಾಗುತ್ತದೆ.

ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಿರಬೇಕು ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕಿಂತ ಮುಖ್ಯ, ಪ್ರತಿ ಮೀನೂ ಕೆಡುವ ದಾರಿ ಬೇರೆ. ಬೂತಾಯಿ ಮೊದಲು ಒಡೆಯುವುದು ಹೊಟ್ಟೆಯಲ್ಲಿ. ಹೊಟ್ಟೆ ತುಂಬ ತಿಂದ ಮೀನಾದರೆ ಒಳಗಿನ ಜೀರ್ಣರಸವೇ ಅದರ ಗೋಡೆಯನ್ನು ಕರಗಿಸಿಬಿಡುತ್ತದೆ. ಹೊಟ್ಟೆ ಬಿರಿದ ಬೂತಾಯಿ ಹುಳಿಖಾರದ ಪುಳಿಮುಂಚಿ ಸಾರಿನಲ್ಲಿ ಚೂರುಚೂರಾಗುತ್ತದೆ. ಬಂಗುಡೆ ಬಿಸಿಲಿಗೆ ಬಿದ್ದರೆ ಹಿಸ್ಟಮಿನ್ ಎಂಬ ನಂಜು ಕಟ್ಟುತ್ತದೆ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಊಟವಾಗಿ ಅರ್ಧ ಗಂಟೆಯಲ್ಲಿ ಮುಖ ಕೆಂಪಗಾಗಿ ಮೈ ತುರಿಸಿದರೆ ಮಸಾಲೆಯನ್ನು ದೂರಬೇಡಿ. ಬೊಂಡಾಸು (ಸ್ಕ್ವಿಡ್) ಹಳತಾದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತೊರಕೆ ಅಂದರೆ ರೇ ಮೀನು, ಬಲ್ಯಾರು ಅಂದರೆ ಶಾರ್ಕ್; ಇವುಗಳಲ್ಲಿ ಅಮೋನಿಯದ ಘಾಟು ಮೂಗಿಗೆ ಹೊಡೆದರೆ ಮುಂದೆ ನಡೆಯಿರಿ. ಎಟ್ಟಿಯ (ಸಿಗಡಿಯ) ತಲೆ ಸ್ವಲ್ಪ ಕಪ್ಪಾಗಿದ್ದರೆ ತೊಂದರೆಯಿಲ್ಲ, ಮುಟ್ಟಿದ ಕೂಡಲೇ ಕಳಚಿ ಬಂದರೆ ಬೇಡ. ಅಂಜಲನ್ನು ಮಾತ್ರ ಇಡೀ ಮೀನು ನೋಡಿಯೇ ಕತ್ತರಿಸಲು ಹೇಳಿ. ತುಂಡು ಮಾಡಿಟ್ಟ ಅಂಜಲಿಗೆ ಕಣ್ಣೂ ಇಲ್ಲ, ಕಿವಿರೂ ಇಲ್ಲ, ಸಾಕ್ಷಿಯೇ ಇಲ್ಲ.

ಏಲಂ (ಹರಾಜು) ನಡೆಯುವಾಗ ಮನೆಬಳಕೆಯವರು ಕೈ ಎತ್ತಬೇಡಿ. ಅಲ್ಲಿ ಬುಟ್ಟಿ ಲೆಕ್ಕ, ಕಿಲೋ ಲೆಕ್ಕವಲ್ಲ. ಮೂರ್ನಾಲ್ಕು ಮನೆಯವರು ಸೇರಿ ಒಂದು ಬುಟ್ಟಿ ಹಂಚಿಕೊಳ್ಳುವುದಾದರೆ ಲಾಭವೇ, ಇಲ್ಲದಿದ್ದರೆ ಏಲಂನಲ್ಲಿ ಹಿಡಿದು ಅಲ್ಲೇ ಬದಿಯಲ್ಲಿ ಬಿಡಿಯಾಗಿ ಮಾರುವ ಹೆಂಗಸರ ಹತ್ತಿರ ಹೋಗಿ. "ಅಕ್ಕ, ಏತ್?" (ಎಷ್ಟು?) ಎಂದು ಶುರು ಮಾಡಿ, ಒಂದು ಸಲ "ಕಮ್ಮಿ ಮಲ್ಪುಲೆ" (ಕಮ್ಮಿ ಮಾಡಿ) ಎನ್ನಿ, ಅಷ್ಟು ಸಾಕು. ಮೂರನೆಯ ಸಲ ಕೇಳಿದರೆ ಅಕ್ಕ ಮುಖ ತಿರುಗಿಸುತ್ತಾರೆ, ಅವರದ್ದು ತಪ್ಪಲ್ಲ. ಚಿಲ್ಲರೆ ಇಟ್ಟುಕೊಂಡಿರಿ, ಒದ್ದೆ ಕೈಯಲ್ಲಿ ಫೋನು ಒತ್ತುವುದು ಇಬ್ಬರಿಗೂ ಕಷ್ಟ. ಒಂದು ಕಿಲೋ ಬೂತಾಯಿ ತಲೆ, ಹೊಟ್ಟೆ ತೆಗೆದ ಮೇಲೆ ಆರುನೂರು ಏಳುನೂರು ಗ್ರಾಮಿಗೆ ಇಳಿಯುತ್ತದೆ. ನೆಂಟರ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಒಳ್ಳೆಯ ಮೀನು ಕೆಡುವುದು ಹೆಚ್ಚಾಗಿ ದಕ್ಕೆಯಲ್ಲಲ್ಲ, ದಾರಿಯಲ್ಲಿ. ಸ್ಕೂಟರಿನ ಕೊಕ್ಕೆಗೆ ಪ್ಲಾಸ್ಟಿಕ್ ಚೀಲ ನೇತುಹಾಕಿ ಬಿಸಿಲಲ್ಲಿ ಒಯ್ದರೆ ಏಲಂನ ಬೆಲೆ ಕೊಟ್ಟು ಸಂಜೆಯ ಮೀನು ತಂದಂತೆ. ಥರ್ಮೋಕೋಲ್ ಡಬ್ಬಿ ಒಯ್ಯಿರಿ. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್. ಗಡ್ಡೆ ಬೇಡ, ಪುಡಿ ಮಾಡಿಸಿದ್ದು ಬೇಕು, ಅದಾದರೆ ಮೀನಿನ ಸುತ್ತ ಕೂರುತ್ತದೆ. ಕೆಳಗೊಂದು ಪದರ ಐಸ್, ನಡುವೆ ಮೀನು, ಮೇಲೆ ಇನ್ನೊಂದು ಪದರ. ಡಬ್ಬಿಯ ಮೂಲೆಯಲ್ಲಿ ಸಣ್ಣ ತೂತು ಇರಲಿ. ಕರಗಿದ ನೀರಿನಲ್ಲಿ ನೆನೆದ ಮೀನು ಮೆತ್ತಗಾಗುತ್ತದೆ, ರುಚಿ ನೀರಿನ ಪಾಲಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಮೈತಾಗಿಸಿ ನಿಂತಿರುತ್ತವೆ, ಬಲೆ ಹೆಣೆಯುವವರ ಕೈ ಮಾತ್ರ ಆಡುತ್ತಿರುತ್ತದೆ. ನಾಡದೋಣಿಯವರು ತಂದದ್ದು ಸಿಕ್ಕಿದರೆ ಅದೃಷ್ಟ, ಬೆಲೆ ಕೇಳಿ ಹೆದರಬೇಡಿ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಒಂದೆರಡು ವಾರ ತಾಳಿಕೊಂಡರೆ ಜೇಬಿಗೂ ಹಿತ.

ಇನ್ನು ನೆಲದ ವಿಷಯ. ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಊರಿನ ರಸ್ತೆಗಳಿಗೆ ಕಾಂಕ್ರೀಟು, ಫುಟ್‌ಪಾತಿಗೆ ಇಂಟರ್‌ಲಾಕ್ ಬಂತು. ಬಂದರಿನ ಹಳೆ ಮಂಡಿಗಳ ಹೆಂಚಿನ ಮಾಡು ನೋಡಲು ಕ್ಯಾಮೆರಾ ಹಿಡಿದವರೂ ಬರುತ್ತಾರೆ. ಬರಲಿ, ಹೆಂಚೂ ಈ ಊರಿನದ್ದೇ ಕಸುಬು, ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆದರೆ ದಕ್ಕೆಗೆ ಬೇಕಾದದ್ದು ಬಣ್ಣದ ದೀಪವಲ್ಲ. ರಕ್ತದ ನೀರು ನಿಲ್ಲದೆ ಹರಿದುಹೋಗುವ ಇಳಿಜಾರು ನೆಲ, ಹೆಂಗಸರು ಕೂರುವಲ್ಲಿ ನೆರಳು, ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯ, ಅಳಿವೆ ಬಾಗಿಲಿನ ಹೂಳೆತ್ತುವುದು, ಇವು ಬೇಕು. ಹೂಳು ತುಂಬಿದರೆ ಬೋಟು ನೆಲ ಕಚ್ಚುತ್ತದೆ, ಅಲೆ ಎದ್ದ ದಿನ ಅಲ್ಲೇ ಮಗುಚುವ ಭಯ. ವಾಸನೆಯ ಬಗ್ಗೆ ನಮ್ಮ ತಕರಾರಿಲ್ಲ, ವಾಸನೆ ಇಲ್ಲದ ದಕ್ಕೆ ಅಂದರೆ ಬೋಟಿಲ್ಲದ ದಕ್ಕೆ.

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಕಾರು ಒಳಗೆ ತರಬೇಡಿ, ಐಸ್ ಲಾರಿಯ ಹಿಂದೆ ಸಿಕ್ಕಿಕೊಂಡರೆ ಹೊರಬರುವಷ್ಟರಲ್ಲಿ ಏಲಂ ಮುಗಿದಿರುತ್ತದೆ. ಕೆಲಸ ಮುಗಿದ ಮೇಲೆ ಹೊತ್ತಿದ್ದರೆ ಕಸಬಾ ಬೆಂಗ್ರೆಯ ದೋಣಿ ಹತ್ತಿ ಆಚೆ ದಡಕ್ಕೊಮ್ಮೆ ಹೋಗಿ ಬನ್ನಿ, ಬೋಟುಗಳ ಸಾಲು ಪೂರ್ತಿ ಕಾಣುವುದು ನೀರಿನ ಮೇಲಿಂದಲೇ. ಮೀನಿನ ಡಬ್ಬಿ ಜೊತೆಗಿದ್ದರೆ ಮಾತ್ರ ಈ ಆಸೆ ಇನ್ನೊಂದು ದಿನಕ್ಕಿರಲಿ.