ಫಿಯೆಟ್ ಪದ್ಮಿನಿಗೆ ಜಿಪ್ಸಿ ಎಂಜಿನ್: ಬೈಕಂಪಾಡಿಯ ಗ್ಯಾರೇಜೊಂದರ ಕೆಲಸ ಹೇಗುಂಟು?

ಎಂಜಿನ್ ಕೂರಿಸಿದ ಕೆಲಸಕ್ಕೆ ಹತ್ತರಲ್ಲಿ ಎಂಟು. ವೈರಿಂಗಿಗೆ ಆರು. ಬ್ರೇಕಿಗೆ ನಾಲ್ಕು. ಆರ್‌ಟಿಒ ಕಾಗದಪತ್ರದ ವಿಷಯದಲ್ಲಿ ಸೊನ್ನೆ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿರುವ ಈ ಗ್ಯಾರೇಜು ಹಳೆಯ ಪ್ರೀಮಿಯರ್ ಪದ್ಮಿನಿಗೆ ಮಾರುತಿ ಜಿಪ್ಸಿಯ ಎಂಜಿನ್ನು ಮತ್ತು ಐದು ಗೇರಿನ ಬಾಕ್ಸು ಹಾಕಿ ಕೊಡುತ್ತದೆ. ಮುಗಿದ ಒಂದು ಕಾರನ್ನು ರ‍್ಯಾಂಪಿನ ಮೇಲೆ ಏರಿಸಿ, ಅರ್ಧ ಬಿಚ್ಚಿಟ್ಟ ಇನ್ನೊಂದನ್ನು ಪಕ್ಕದಲ್ಲಿಟ್ಟು ನೋಡಿ ಕೊಟ್ಟ ಅಂಕಗಳಿವು. ಮುಗಿದ ಕಾರನ್ನು ಚಾರ್ಮಾಡಿ ಘಾಟಿಯಲ್ಲಿ ಹತ್ತಿಸಿ ಇಳಿಸಿಯೂ ಆಗಿದೆ.

ಪದ್ಮಿನಿಗೆ ಜಿಪ್ಸಿಯನ್ನೇ ಆರಿಸಿದ್ದು ಸರಿ. ಪದ್ಮಿನಿಯ ಎಂಜಿನ್ 1089 ಸಿಸಿ, ಶಕ್ತಿ 40 ಅಶ್ವಶಕ್ತಿಯ ಆಸುಪಾಸು, ಬ್ಲಾಕು ಬೀಡುಕಬ್ಬಿಣದ್ದು. ಜಿಪ್ಸಿಯ 16 ವಾಲ್ವಿನ ಎಂಪಿಎಫ್‌ಐ (ಕಾರ್ಬುರೇಟರಿನ ಬದಲು ಇಂಜೆಕ್ಟರಿನಿಂದ ಪೆಟ್ರೋಲು ಸಿಂಪಡಿಸುವ) ಎಂಜಿನ್ 1298 ಸಿಸಿ, 80 ಅಶ್ವಶಕ್ತಿ. ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಂ. ಶಕ್ತಿ ಇಮ್ಮಡಿಯಾದರೂ ಮೂತಿಯ ಭಾರ ಏರುವುದಿಲ್ಲ. ಎಂಜಿನ್ ಉದ್ದಕ್ಕೆ ಕೂರುತ್ತದೆ, ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವುದಕ್ಕೆ ಹುಟ್ಟಿದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಜಿಪ್ಸಿಯಲ್ಲಿ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟು ಉಂಟು. ಅದನ್ನೂ ಟ್ರಾನ್ಸ್‌ಫರ್ ಕೇಸನ್ನೂ ತೆಗೆದುಹಾಕಿದರೆ ಉಳಿಯುವುದು ಅಚ್ಚುಕಟ್ಟಾದ ಐದು ಗೇರಿನ ಬಾಕ್ಸು. ಮುಂದಿನ ಚಕ್ರ ಓಡಿಸುವ ಯಾವುದೋ ಕಾರಿನ ಎಂಜಿನ್ ಹಾಕುತ್ತೇವೆ ಎನ್ನುವ ಮೇಸ್ತ್ರಿಗಳು ಸಿಗುತ್ತಾರೆ. ಅಡ್ಡಕ್ಕೆ ಕೂರುವ ಆ ಎಂಜಿನ್ನುಗಳಿಗೆ ಬೇರೆ ಗೇರ್‌ಬಾಕ್ಸು ಜೋಡಿಸಲು ಹೊರಟರೆ ಖರ್ಚೆಲ್ಲ ಲೇತಿನಲ್ಲೇ ಮುಗಿಯುತ್ತದೆ.

ಎಂಜಿನ್ ಕೊಳ್ಳುವ ವಿಷಯದಲ್ಲಿ ಗ್ಯಾರೇಜಿನವರು ಪ್ರಾಮಾಣಿಕರು. ಗುಜರಿಯಿಂದ ತಂದ ಎಂಜಿನ್ನಿಗೆ ನಿಮ್ಮೆದುರೇ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ ತೋರಿಸುತ್ತಾರೆ. ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ಗು ಬಿಚ್ಚಿರಬೇಕು, ಆಕ್ಸಿಲೇಟರು ಪೂರ್ತಿ ಒತ್ತಿರಬೇಕು; ಸಿಲಿಂಡರುಗಳ ನಡುವಿನ ವ್ಯತ್ಯಾಸ ಚದರ ಸೆಂ.ಮೀ.ಗೆ 1 ಕಿಲೋ ದಾಟಿದರೆ ಆ ಎಂಜಿನ್ ಬೇಡ. ಟೈಮಿಂಗ್ ಬೆಲ್ಟು, ಟೆನ್ಷನರು, ವಾಟರ್ ಪಂಪು, ಹಿಂದಿನ ಕ್ರ್ಯಾಂಕ್ ಸೀಲು, ಕ್ಲಚ್ ಪ್ಲೇಟು ಇವನ್ನು ಎಂಜಿನ್ ನೆಲದ ಮೇಲಿರುವಾಗಲೇ ಬದಲಿಸಿಬಿಡಿ. ಅವರ ದರದಲ್ಲಿ ಬೆಲ್ಟು ಮಾತ್ರ ಸೇರಿದೆ, ಸೀಲು ಸೇರಿಲ್ಲ. ಬಾಯಿ ಬಿಟ್ಟು ಕೇಳಬೇಕು.

ಮೌಂಟಿಂಗ್ ಕೆಲಸ ನಿಜಕ್ಕೂ ಚೆನ್ನಾಗಿದೆ. ಪದ್ಮಿನಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ತೆಳು ತಗಡಿಗೆ ನೇರವಾಗಿ ಬ್ರಾಕೆಟ್ ವೆಲ್ಡ್ ಮಾಡಿದರೆ ಎರಡು ಮಳೆಗಾಲದೊಳಗೆ ವೆಲ್ಡಿನ ಅಂಚಿನಲ್ಲೇ ತಗಡು ಹರಿಯುತ್ತದೆ. ಇಲ್ಲಿ 3 ಮಿ.ಮೀ. ಪ್ಲೇಟನ್ನು ಅಂಗೈಯಗಲಕ್ಕೆ ಹರಡಿ ವೆಲ್ಡ್ ಮಾಡಿ, ಅದರ ಮೇಲೆ 5 ಮಿ.ಮೀ. ಬ್ರಾಕೆಟ್, ಮೂಲೆಗೆ ತ್ರಿಕೋನದ ಆಧಾರ, ಜಿಪ್ಸಿಯದೇ ರಬ್ಬರ್ ಮೌಂಟು ಕೊಟ್ಟಿದ್ದಾರೆ. ಎಂಜಿನ್ನಿನ ತಳದ ಆಯಿಲ್ ತೊಟ್ಟಿ, ಅಂದರೆ ಸಂಪು, ಮುಂಭಾಗದ ಅಡ್ಡತೊಲೆಗೆ (ಕ್ರಾಸ್ ಮೆಂಬರ್) ತಾಗುವ ಕಡೆ ಕತ್ತರಿಸಿ ಹೊಸ ಆಕಾರ ಕೊಟ್ಟಿದ್ದಾರೆ. ಸಂಪು ಕತ್ತರಿಸಿದ ಮೇಲೆ ಕೇಳಬೇಕಾದ ಪ್ರಶ್ನೆ ಎರಡು: ಆಯಿಲ್ ಹೀರುವ ಸ್ಟ್ರೈನರು ತಳದಿಂದ 8–10 ಮಿ.ಮೀ. ಮೇಲಿದೆಯೇ, ಡಿಪ್ ಸ್ಟಿಕ್ಕಿಗೆ ಹೊಸ ಗುರುತು ಹಾಕಿದ್ದಾರೆಯೇ? ಮೊದಲನೆಯದು ಸರಿ ಇತ್ತು. ಎರಡನೆಯದನ್ನು ಮರೆತಿದ್ದರು. ಹಳೆಯ ಗುರುತು ನಂಬಿ ಆಯಿಲ್ ತುಂಬಿದರೆ ಒಂದೋ ಹೆಚ್ಚಾಗಿ ಸೀಲಿನಲ್ಲಿ ಸೋರುತ್ತದೆ, ಇಲ್ಲವೇ ಏರಿನಲ್ಲಿ ಆಯಿಲ್ ದೀಪ ಮಿನುಗುತ್ತದೆ.

ಸ್ಟಿಯರಿಂಗ್ ಕಾಲಮ್ಮಿನ ಹ್ಯಾಂಡ್ ಗೇರಿನ ಪ್ರಿಯರಿಗೆ ಬೇಸರದ ಸುದ್ದಿ: ಅದು ಹೋಗುತ್ತದೆ. ನಡುವಿನ ಟನೆಲ್ ಕತ್ತರಿಸಿ ನೆಲದ ಗೇರೇ ಆಗಬೇಕು. ಕಾಲಮ್ ಮೇಲಿನ ಹಿಡಿಯನ್ನು ಅಂದಕ್ಕೆ ಉಳಿಸಿಕೊಳ್ಳುವುದು ನಿಮ್ಮಿಷ್ಟ.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದ್ದಾರೆ, ಆದರೆ ಮೊದಲ ಓಟದಲ್ಲಿ 70ರ ಮೇಲೆ ಸೀಟಿನಡಿ ಗುಂಯ್‌ಗುಡುವಿಕೆ ಇತ್ತು. ಕಾರಣ ಬ್ಯಾಲೆನ್ಸ್ ಅಲ್ಲ, ಕೋನ. ಗೇರ್‌ಬಾಕ್ಸಿನ ಬಾಲ ಕೆಳಕ್ಕೆ ಎಷ್ಟು ಡಿಗ್ರಿ ಬಾಗಿದೆಯೋ, ಹಿಂದಿನ ಆಕ್ಸಲ್ ಹೌಸಿಂಗಿನ ಪಿನಿಯನ್ ಮೂತಿ ಮೇಲಕ್ಕೆ ಅಷ್ಟೇ ಇರಬೇಕು. ಶಾಫ್ಟಿನ ತುದಿಯ ಪ್ರತಿ ಕ್ರಾಸಿನಲ್ಲೂ (ಬಾಗುವ ಕೀಲು) 1ರಿಂದ 3 ಡಿಗ್ರಿ ಕೋನ, ಎರಡರ ವ್ಯತ್ಯಾಸ 1 ಡಿಗ್ರಿಯೊಳಗೆ. ಇಲ್ಲಿ ವ್ಯತ್ಯಾಸ ಮೂರೂವರೆ ಇತ್ತು. ಹಿಂದಿನ ಪಟ್ಟಿ ಸ್ಪ್ರಿಂಗಿನ ಮೇಲೆ ಓರೆ ಬಿಲ್ಲೆ ಕೊಟ್ಟ ಮೇಲೆ ಸದ್ದು ನಿಂತಿತು. ಮೊಬೈಲಿನ ಮಟ್ಟಗೋಲು ಆ್ಯಪ್ ಇದ್ದರೆ ಸಾಕು, ಚಕ್ರ ನೆಲದ ಮೇಲಿರುವಾಗಲೇ ಅಳೆಯಬಹುದು. ಗೇರ್‌ಬಾಕ್ಸಿನೊಳಗೆ ಜಾರುವ ಶಾಫ್ಟಿನ ತುದಿಗೆ (ಯೋಕ್) 20–25 ಮಿ.ಮೀ. ಜಾಗ ಬಿಟ್ಟಿದ್ದಾರೆಯೇ ಎಂದೂ ನೋಡಿ. ಬಿಡದಿದ್ದರೆ ಹಂಪು ಹಾರುವಾಗ ಗೇರ್‌ಬಾಕ್ಸಿನ ಹಿಂದಿನ ಬೇರಿಂಗಿಗೇ ಗುದ್ದು.

ಗೇರಿನ ಲೆಕ್ಕ ಹಿತವಾಗಿದೆ. ಈ ಕಾರಿನ ಹಿಂದಿನ ಆಕ್ಸಲಿನ ಗೇರು, ಕ್ರೌನ್–ಪಿನಿಯನ್, 43ಕ್ಕೆ 10 ಹಲ್ಲು, ಅಂದರೆ 4.3. ಐದನೇ ಗೇರು 0.795. ಟೈರಿನ ಸುತ್ತಳತೆ 1.88 ಮೀಟರು ಹಿಡಿದರೆ 3000 ಆರ್‌ಪಿಎಂನಲ್ಲಿ ಗಂಟೆಗೆ ಸುಮಾರು 99 ಕಿ.ಮೀ.; ಹಳೆಯ ನಾಲ್ಕನೇ ಗೇರಿನಲ್ಲಿ ಅದೇ ಸುತ್ತಿಗೆ 79 ಸಿಗುತ್ತಿತ್ತು. ಸುರತ್ಕಲ್‌ನಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಪಕ್ಕದವರೊಡನೆ ದನಿ ಎತ್ತದೆ ಮಾತಾಡಬಹುದು.

ಈಗ ಗ್ಯಾರೇಜು ಎಡವಿದ ಕಡೆಗೆ ಬರೋಣ. ಜಿಪ್ಸಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದನ್ನು ಕಿತ್ತುಹಾಕಿದ ಮೇಲೆ ಮುಳ್ಳು ಆಡಲು ಆಧಾರವೇ ಇಲ್ಲ. ಮುಗಿದ ಕಾರಿನಲ್ಲಿ ಮುಳ್ಳು ಸೊನ್ನೆಯಲ್ಲೇ ಮಲಗಿತ್ತು. ಇದು ಬರೀ ಅಂದದ ಮಾತಲ್ಲ. ವೇಗದ ಸಂಕೇತ ಬಾರದಿದ್ದರೆ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುಗೆ ಕಾರು ಓಡುತ್ತಿದೆಯೋ ನಿಂತಿದೆಯೋ ತಿಳಿಯದು. ಚೆಕ್ ಎಂಜಿನ್ ದೀಪ ಹತ್ತುತ್ತದೆ, ಸಿಗ್ನಲ್ಲಿಗೆ ಉರುಳಿ ಬರುವಾಗ ಎಂಜಿನ್ ಆಫ್ ಆಗುತ್ತದೆ. ಪಿನಿಯನ್ ಫ್ಲೇಂಜಿಗೆ ಅಯಸ್ಕಾಂತ, ಎದುರಿಗೊಂದು ಸೆನ್ಸರ್, ಅದಕ್ಕೆ ಹೊಂದುವ ಎಲೆಕ್ಟ್ರಾನಿಕ್ ಮೀಟರು ಕೊಟ್ಟರೆ ಎರಡೂ ತೊಂದರೆ ಒಟ್ಟಿಗೆ ಕಳೆಯುತ್ತವೆ. ಮೊದಲೇ ಹೇಳಿ ಮಾಡಿಸಿಕೊಳ್ಳಿ. ನೆಲಕ್ಕೆ ಕಾರ್ಪೆಟ್ ಹಾಸಿದ ಮೇಲೆ ಆ ವೈರು ಎಳೆಯುವುದು ದೊಡ್ಡ ರಗಳೆ.

ಇಸಿಯುವನ್ನು ಎಡಗಾಲಿನ ಬದಿ, ನೆಲದ ಹತ್ತಿರ ಕಟ್ಟಿದ್ದಾರೆ. ಪದ್ಮಿನಿಯ ಮುಂದಿನ ಗಾಜಿನ ರಬ್ಬರು ನಮ್ಮೂರ ಆಟಿ (ಆಷಾಢ) ಮಳೆಗೆ ಎಲ್ಲಿ ಸೋರುತ್ತದೆ ಎಂದು ಆ ಕಾರು ಸಾಕಿದ ಯಾರನ್ನು ಬೇಕಾದರೂ ಕೇಳಿ: ಅಲ್ಲೇ. ಡ್ಯಾಶಿನ ಹಿಂದೆ ಎತ್ತರದಲ್ಲಿ, ಕನೆಕ್ಟರು ಕೆಳಮುಖವಾಗಿ ಇರಬೇಕು. ಅರ್ತಿಂಗ್ ಒಂದೇ ಕಡೆ ಕೊಟ್ಟಿದ್ದಾರೆ, ಅದೂ ಪೇಂಟಿನ ಮೇಲೆ. ಎಂಜಿನ್ನಿನಿಂದ ಬಾಡಿಗೆ 16 ಚದರ ಮಿ.ಮೀ. ದಪ್ಪದ ಪಟ್ಟಿ, ಬ್ಯಾಟರಿಯಿಂದ ಬಾಡಿಗೆ ಇನ್ನೊಂದು. ಪೇಂಟು ಕೆರೆದು, ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಬೇಕು. ಕಡಲ ಗಾಳಿಗೆ ಅರ್ತ್ ಹಸಿರಾಯಿತು ಎಂದರೆ ಐಡ್ಲಿಂಗ್ ಏರಿಳಿಯತೊಡಗುತ್ತದೆ, ಮೆಕ್ಯಾನಿಕ್ಕು ಒಂದೊಂದೇ ಸೆನ್ಸರ್ ಬದಲಿಸುತ್ತ ಹೋಗುತ್ತಾನೆ. ಪೆಟ್ರೋಲ್ ಪಂಪಿಗೆ ರಿಲೇ, 15 ಆಂಪಿಯರ್ ಫ್ಯೂಸು ಇದೆ. ಡಿಕ್ಕಿಯಾದರೆ ಪಂಪು ನಿಲ್ಲಿಸುವ ಸ್ವಿಚ್ಚು ಇಲ್ಲ, ಹಾಕಿಸಿಕೊಳ್ಳಿ.

ಟ್ಯಾಂಕು ಹಳೆಯದೇ. ಕಾರ್ಬುರೇಟರಿಗೆ ಸಾಕಿದ್ದ ಟ್ಯಾಂಕಿನಲ್ಲಿ ಅಲೆ ತಡೆಯುವ ಗೋಡೆ ಸಾಲದು. ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದಾಗ ತಿರುವಿನಲ್ಲಿ ಪೆಟ್ರೋಲು ಒಂದು ಬದಿಗೆ ಸರಿದು ಪಂಪು ಗಾಳಿ ಹೀರಿತು, ಎಂಜಿನ್ ಮುಗ್ಗರಿಸಿತು. ಒಂದು ಲೀಟರಿನ ಪುಟ್ಟ ಉಪಟ್ಯಾಂಕು ನಡುವೆ ಕೊಟ್ಟು, ರಿಟರ್ನ್ ಪೈಪನ್ನು ಅದಕ್ಕೇ ಬಿಟ್ಟರೆ ಸರಿಯಾಗುತ್ತದೆ. ಪೈಪು ಇಂಜೆಕ್ಷನ್ ಒತ್ತಡ ತಾಳುವಂಥದ್ದೇ ಆಗಬೇಕು, ಹಲ್ಲಿಲ್ಲದ ಕ್ಲಿಪ್ಪೇ ಬೇಕು. ಈಗಿನ ಇ20 ಪೆಟ್ರೋಲಿಗೆ ಹಳೆಯ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಟ್ಯಾಂಕಿನ ತಳದ ಹಳೆಯ ತುಕ್ಕೆಲ್ಲ ಎದ್ದು ಬಂದು ಫಿಲ್ಟರು ಕಟ್ಟುತ್ತದೆ. ಮೊದಲ ಸಾವಿರ ಕಿಲೋಮೀಟರಿಗೆ ಒಂದು ಫಿಲ್ಟರು ಹೆಚ್ಚುವರಿ ಇಟ್ಟುಕೊಂಡಿರಿ.

ಕೂಲಿಂಗಿನಲ್ಲಿ ಒಂದೇ ತಪ್ಪು, ಆದರೆ ನಮ್ಮ ಕಡೆಯ ಎಲ್ಲ ಗ್ಯಾರೇಜುಗಳ ಹಳೆಯ ಚಾಳಿ: ಥರ್ಮೋಸ್ಟಾಟ್ ತೆಗೆದು ಬಿಸಾಡಿದ್ದಾರೆ. ಕಾರ್ಬುರೇಟರ್ ಕಾಲದಲ್ಲಿ ಅದು ನಡೆಯುತ್ತಿತ್ತು. ಎಂಪಿಎಫ್‌ಐಯಲ್ಲಿ ನೀರು ಬಿಸಿಯಾಗದಿದ್ದರೆ ಇಸಿಯು ಎಂಜಿನ್ ಇನ್ನೂ ತಣ್ಣಗಿದೆ ಎಂದೇ ತಿಳಿದು ಹೆಚ್ಚು ಪೆಟ್ರೋಲು ಸುರಿಯುತ್ತಲೇ ಇರುತ್ತದೆ. ಮೈಲೇಜು ಇಳಿಯುತ್ತದೆ, ಪ್ಲಗ್ಗು ಕಪ್ಪಾಗುತ್ತದೆ. 82 ಡಿಗ್ರಿಯ ಥರ್ಮೋಸ್ಟಾಟ್, ಮೂರು ಸಾಲಿನ ರೇಡಿಯೇಟರ್, ಹೊದಿಕೆಯಿರುವ 12 ಇಂಚಿನ ಎಲೆಕ್ಟ್ರಿಕ್ ಫ್ಯಾನು, ಅರ್ಧಕ್ಕರ್ಧ ಕೂಲೆಂಟು ಇದ್ದರೆ ಸಾಕು. ಥರ್ಮೋಸ್ಟಾಟ್ ಮರಳಿ ಹಾಕಿಸಿ ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರದವರೆಗೆ ಹತ್ತಿಸಿದಾಗ ಮುಳ್ಳು ಅರ್ಧ ದಾಟಲಿಲ್ಲ.

ಇಳಿಯುವಾಗ ಬ್ರೇಕು ತನ್ನ ಬಣ್ಣ ತೋರಿಸಿತು. ಗ್ಯಾರೇಜಿನ 2.4 ಲಕ್ಷದ ದರದಲ್ಲಿ ಬ್ರೇಕೇ ಸೇರಿಲ್ಲ; ಮುಂದಿನ ಡಿಸ್ಕಿಗೆ ಬೇರೆ 35 ಸಾವಿರ. ಇದನ್ನು ಐಚ್ಛಿಕ ಎಂದು ಬರೆದಿರುವುದೇ ನಮ್ಮ ದೊಡ್ಡ ತಕರಾರು. ನಾಲ್ಕೂ ಕಡೆ ಡ್ರಮ್ಮಿರುವ ಕಾರಿಗೆ ಇಮ್ಮಡಿ ಶಕ್ತಿ ಕೊಟ್ಟು ಬ್ರೇಕು ಹಾಗೇ ಬಿಡುವುದು ಕೆಲಸ ಅರ್ಧಕ್ಕೆ ಬಿಟ್ಟಂತೆ. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರು, ಪೆಡಲಿನ ಒತ್ತು ಹೆಚ್ಚಿಸುವ ಬೂಸ್ಟರು (ಹೊಸ ಎಂಜಿನ್ನಿನ ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ಧಾರಾಳ ಸಿಗುತ್ತದೆ), ಮುಂದೆ ಡಿಸ್ಕು, ಹಿಂದಿನ ಸಾಲಿಗೆ ಒತ್ತಡ ತಗ್ಗಿಸುವ ವಾಲ್ವು: ಇಷ್ಟೂ ಬೇಕು.

ಡಿಸ್ಕು ಹಾಕಿಸಿದ ಈ ಕಾರಿನಲ್ಲೂ ಚಾರ್ಮಾಡಿ ಇಳಿದು ಬಂದಾಗ ಮುಂದಿನ ಎರಡೂ ಚಕ್ರ ಕೈ ಇಡಲಾಗದಷ್ಟು ಕಾದು, ಲೈನಿಂಗಿನ ವಾಸನೆ ಹೊಡೆಯುತ್ತಿತ್ತು. ಪತ್ತೆಹಚ್ಚುವ ಕ್ರಮ ಹೀಗೆ. ಮುಂಭಾಗ ಜಾಕ್ ಮೇಲೆ ಎತ್ತಿ ಚಕ್ರ ತಿರುಗಿಸಿ. ಬಿಗಿಯಿದ್ದರೆ ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದ ನಟ್ಟು ಎರಡು ಸುತ್ತು ಸಡಿಲಿಸಿ. ಆಗ ಚಕ್ರ ಹಗುರಾದರೆ ತಪ್ಪು ಪುಶ್ ರಾಡಿನ ಉದ್ದದ್ದು, ಅದಕ್ಕೆ ಆಟವೇ ಇಲ್ಲ. ಹಗುರಾಗದೆ, ಬ್ಲೀಡರ್ (ಬ್ರೇಕ್ ಆಯಿಲ್ ಹೊರಬಿಡುವ ಸ್ಕ್ರೂ) ಬಿಚ್ಚಿದಾಗ ಮಾತ್ರ ಹಗುರಾದರೆ ಪೈಪಿನಲ್ಲಿ ಒತ್ತಡ ಸಿಕ್ಕಿಕೊಂಡಿದೆ: ಡ್ರಮ್ಮಿಗಾಗಿ ಇದ್ದ ಉಳಿಕೆ ಒತ್ತಡದ ವಾಲ್ವು ಡಿಸ್ಕಿನ ಸಾಲಿನಲ್ಲೂ ಉಳಿದಿದೆ. ಬ್ಲೀಡರ್ ಬಿಚ್ಚಿದರೂ ಬಿಗಿಯಾಗಿದ್ದರೆ ಕ್ಯಾಲಿಪರ್ ಪಿಸ್ಟನ್ನೇ ಜಾಮ್. ಇಲ್ಲಿ ಆದದ್ದು ಎರಡನೆಯದು. ಗ್ಯಾರೇಜಿನವರು ಮರುಮಾತಿಲ್ಲದೆ ಸರಿಮಾಡಿಕೊಟ್ಟರು ಎಂಬುದನ್ನೂ ಹೇಳಬೇಕು.

ತುಕ್ಕಿನ ಕೆಲಸ ಎಂಜಿನ್ನಿಗಿಂತ ಮೊದಲು ಆಗಲಿ. ಸಿಲ್ಲು (ಬಾಗಿಲಿನಡಿಯ ಪಟ್ಟಿ), ಜಾಕ್ ಕೊಡುವ ಜಾಗ, ಪಟ್ಟಿ ಸ್ಪ್ರಿಂಗಿನ ಕೊಂಡಿ ಸುತ್ತಿಗೆಯಿಂದ ಬಡಿದು ನೋಡಿ. ಢಬ್ ಎಂದರೆ ಒಳಗೆ ಪುಟ್ಟಿ. ಇಲ್ಲಿನ ಟಿಂಕರ್ ಒಳ್ಳೆಯವನು, ತಗಡು ಕತ್ತರಿಸಿ ಹೊಸತು ಹಾಕುತ್ತಾನೆಯೇ ಹೊರತು ಮುಚ್ಚುವುದಿಲ್ಲ. ಪೇಂಟು ಮಾತ್ರ ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ, ತೇವಕ್ಕೆ ಹೊಳಪು ಮಂಕಾಗುತ್ತದೆ. ಹತ್ತು ವಾರದ ಮಾತು ಕೊಡುತ್ತಾರೆ, ದೀಪಾವಳಿ ಕಳೆದು ಕಾರು ಬಿಟ್ಟರೆ ಬೇಸಿಗೆಯಲ್ಲಿ ಸಿಗಬಹುದು.

ಕಾಗದದ ವಿಷಯಕ್ಕೆ ಸೊನ್ನೆ ಕೊಟ್ಟದ್ದು ಏಕೆಂದರೆ, ಎಂಜಿನ್ ನಂಬರ್ ಆಮೇಲೆ ನೋಡಿಕೊಳ್ಳುವ ಎಂಬ ಅವರ ಉತ್ತರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ, ತಯಾರಕರು ನಮೂದಿಸಿದ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬೇರೆ ಕಂಪೆನಿಯ ಎಂಜಿನ್ನಿಗೆ ಒಪ್ಪಿಗೆ ಸಿಗುವುದು ಕಷ್ಟ. ಒಪ್ಪಿಗೆಯಿಲ್ಲದೆ ಓಡಿಸಿ ಅಪಘಾತವಾದರೆ ವಿಮಾ ಕಂಪೆನಿ ಮೊದಲು ನೋಡುವುದು ಎಂಜಿನ್ ನಂಬರನ್ನೇ. 2021ರ ವಿಂಟೇಜ್ ನಿಯಮವೂ ನೆರವಿಗೆ ಬಾರದು: 50 ವರ್ಷ ದಾಟಿದ್ದರೂ ಎಂಜಿನ್, ಬಾಡಿ ಮೂಲರೂಪದಲ್ಲೇ ಇರಬೇಕು. ಆದ್ದರಿಂದ ಮುಂಗಡ ಕೊಡುವ ಮೊದಲು, ಕಾರು ಕೆಎ 19 ಆಗಿದ್ದರೆ ಮಂಗಳೂರಿನ, ಕೆಎ 20 ಆಗಿದ್ದರೆ ಉಡುಪಿಯ ಆರ್‌ಟಿಒಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ದಿನವೂ ರಸ್ತೆಗಿಳಿಸುವ ಹಳೆಯ ಕಾರೇ ಬೇಕೆಂದಿದ್ದರೆ, ಕಾರ್ಖಾನೆಯಿಂದಲೇ 1.8 ಲೀಟರಿನ ಇಸುಜು ಎಂಜಿನ್, ಐದು ಗೇರು ಹಾಕಿಕೊಂಡು ಬಂದ ಅಂಬಾಸಿಡರನ್ನು ಹುಡುಕಿ. ಆರ್‌ಸಿಯಲ್ಲೇ ಆ ಎಂಜಿನ್ ಬರೆದಿರುತ್ತದೆ. ಅದರ ತುಕ್ಕು ತೆಗೆಸುವುದಕ್ಕೆ ಇದೇ ಗ್ಯಾರೇಜಿನ ಟಿಂಕರನ ಹತ್ತಿರ ಕಣ್ಣುಮುಚ್ಚಿ ಬಿಡಬಹುದು.