ಲೋಕಲ್‌ಮಾಡ್‌ಕಾನ್ಫಿಗ್: ಆರು ಮಳೆಗಾಲಗಳ ಬಳಕೆಯ ನಂತರ

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಒಂದಿದ್ದು, ಅದರ ಲಿನಕ್ಸ್ ಕರ್ನೆಲ್ಲನ್ನು, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳನ್ನು, ನಾನೇ ಮೂಲ ಕೋಡ್‌ನಿಂದ ಕಂಪೈಲ್ ಮಾಡಿಕೊಳ್ಳುತ್ತೇನೆ. ಡಿಸ್ಟ್ರೊ (ಲಿನಕ್ಸ್‌ನ ಸಿದ್ಧ ರೂಪ) ಜತೆ ಬರುವ, ಕರ್ನೆಲ್ಲಿನಲ್ಲಿ ಏನೇನಿರಬೇಕೆಂದು ಹೇಳುವ ಕಾನ್ಫಿಗ್ ಕಡತವನ್ನೇ ಇಟ್ಟುಕೊಂಡು ಮೊದಲ ಸಲ ಕುಳಿತಾಗ, ನಮ್ಮ ಮನೆಯ ಮೆಟ್ಟಿಲನ್ನೇ ಹತ್ತದ ಯಂತ್ರಾಂಶಗಳ ಸಾವಿರಾರು ಮಾಡ್ಯೂಲ್‌ಗಳೂ (ಬೇಕಾದಾಗ ಕರ್ನೆಲ್ಲಿಗೆ ಸೇರಿಕೊಳ್ಳುವ ಡ್ರೈವರ್‌ನಂಥ ತುಣುಕುಗಳು) ಸೇರಿ 5 ಗಂಟೆ ಹಿಡಿಯಿತು. ನಡುವೆ ಎರಡು ಸಲ ಕರೆಂಟ್ ಹೋಯಿತು. ಬಳಕೆಯಲ್ಲಿರುವ ಮಾಡ್ಯೂಲ್‌ಗಳನ್ನಷ್ಟೇ ಕಾನ್ಫಿಗ್‌ನಲ್ಲಿ ಉಳಿಸುವ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಆದೇಶವನ್ನು ಬಳಸತೊಡಗಿದ ಮೇಲೆ ಅದೇ ಕೆಲಸ 40 ನಿಮಿಷದೊಳಗೆ ಮುಗಿಯುತ್ತಿದೆ. ಈ ಒಂದು ಕಾರಣಕ್ಕೇ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕದ ಕಥೆಯೇ ಸ್ವಲ್ಪ ಉದ್ದ.

ಯಂತ್ರವನ್ನು ತಾನೇ ನೋಡಿ ಕಾನ್ಫಿಗ್ ಬರೆದುಕೊಡುವ ಸಾಧನದ ಆಸೆ ಹೊಸದೇನಲ್ಲ. ತಂತ್ರಾಂಶಕಾರ ಎರಿಕ್ ರೇಮಂಡ್ ಅವರ, ಕರ್ನೆಲ್ ಕಾನ್ಫಿಗ್ ಮಾಡುವ ಕ್ರಮವನ್ನೇ ಹೊಸದಾಗಿಸುವ ಸಿಎಂಎಲ್2 ಯೋಜನೆಯಲ್ಲಿಯೂ ಅಂಥ ಪ್ರಯತ್ನ ನಡೆದಿತ್ತಾದರೂ ಅದು ಕರ್ನೆಲ್ಲಿನೊಳಗೆ ಸೇರಲಿಲ್ಲ. 2009ರ 2.6.32 ಆವೃತ್ತಿಯಲ್ಲಿ ಬಂದ ಲೋಕಲ್‌ಮಾಡ್‌ಕಾನ್ಫಿಗ್ ಕರ್ನೆಲ್ ಅಭಿವೃದ್ಧಿಗಾರ ಸ್ಟೀವನ್ ರಾಸ್ಟೆಡ್ ಅವರ ಪರ್ಲ್ ಭಾಷೆಯ ಸ್ಕ್ರಿಪ್ಟಿನ ಮೇಲೆ ನಿಂತಿದೆ. ಇದು ಯಂತ್ರಾಂಶವನ್ನು ಹುಡುಕುವುದೇ ಇಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಸಾಧನ ಹೇಳುವ ತಯಾರಕರ ಸಂಖ್ಯೆಯನ್ನು ಮಾಡ್ಯೂಲ್‌ಗಳ ಪಟ್ಟಿಯೊಂದಿಗೆ ತಾಳೆ ನೋಡಿ ಸರಿಯಾದ ಡ್ರೈವರನ್ನು ಎಬ್ಬಿಸುವ ಕೆಲಸವನ್ನು ಓಡುತ್ತಿರುವ ಕರ್ನೆಲ್ ಮತ್ತು ಸಾಧನಗಳನ್ನು ನಿಭಾಯಿಸುವ ಯುಡೆವ್ ಮೊದಲೇ ಮಾಡಿರುತ್ತವೆ. ಲೋಕಲ್‌ಮಾಡ್‌ಕಾನ್ಫಿಗ್ ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ತೋರಿಸುವ ‘ಎಲ್‌ಎಸ್‌ಮಾಡ್’ ಪಟ್ಟಿಯನ್ನು ಓದಿ ಹಾಜರಿ ಹಾಕುವುದಷ್ಟೆ. ಆ ಹೊತ್ತಿಗೆ ಗೈರುಹಾಜರಾದವರ ಹೆಸರನ್ನು ಹೊಡೆದುಹಾಕುತ್ತದೆ.

ಏಪ್ರಿಲ್‌ನಲ್ಲಿ ಹಾಕಿದ ಹಾಜರಿ ಆರಿದ್ರಾ ಮಳೆಯಲ್ಲಿ ಕೈಕೊಟ್ಟಿತು. ಮರ ಬಿದ್ದು ಬ್ರಾಡ್‌ಬ್ಯಾಂಡ್ ತಂತಿ ಹರಿದ ದಿನ, ಪ್ರತಿ ವರ್ಷದಂತೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದರೆ ಲ್ಯಾಪ್‌ಟಾಪ್ ಅದನ್ನು ಕಂಡೂ ಕಾಣದಂತಿತ್ತು. ಮೊಬೈಲಿನ ಇಂಟರ್ನೆಟ್ಟನ್ನು ಯುಎಸ್‌ಬಿ ಮೂಲಕ ಪಡೆಯಲು ಬೇಕಾದ, ಬೇಸಿಗೆಯಲ್ಲಿ ಒಮ್ಮೆಯೂ ಬಳಸದ ‘ಆರ್‌ಎನ್‌ಡಿಐಎಸ್ ಹೋಸ್ಟ್’ ಮಾಡ್ಯೂಲ್ ಹೊಸ ಕರ್ನೆಲ್ಲಿನಲ್ಲಿ ಇರಲೇ ಇಲ್ಲ. ಯಂತ್ರ ಶುರುವಾಗುವಾಗ ಕರ್ನೆಲ್ ಆಯ್ದುಕೊಳ್ಳುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನೆಲ್ಲನ್ನು ಉಳಿಸಿಕೊಂಡಿದ್ದರಿಂದ ಅಂದಿನ ಕೆಲಸ ಸಾಗಿತು. ಪೆನ್‌ಡ್ರೈವ್ ಕೂಡ ಹೀಗೆಯೇ ಒಮ್ಮೆ ಕಾಡಿತು: ಫ್ಯಾಟ್ ಕಡತ ವ್ಯವಸ್ಥೆ ಇದ್ದರೂ ಅದಕ್ಕೆ ಬೇಕಾದ ಅಕ್ಷರಪಟ್ಟಿಯ ಮಾಡ್ಯೂಲ್ ಇರಲಿಲ್ಲ.

ಆಮೇಲೆ ಕ್ರಮ ಬದಲಿಸಿದೆ. ಪ್ರಿಂಟರ್, ಮೊಬೈಲ್, ಪೆನ್‌ಡ್ರೈವ್ ಎಲ್ಲವನ್ನೂ ಒಮ್ಮೆ ಜೋಡಿಸಿ, ಬಳಸಿ, ಎಲ್‌ಎಸ್‌ಮಾಡ್ ಪಟ್ಟಿಯನ್ನು ಕಡತದಲ್ಲಿ ಉಳಿಸಿ, ಮುಂದಿನ ಸಲ ‘ಎಲ್‌ಎಸ್‌ಮಾಡ್=’ ಎಂದು ಅದನ್ನೇ ಕೊಡುತ್ತೇನೆ. ತಿಂಗಳುಗಟ್ಟಲೆ ಬಳಕೆಯಾದ ಮಾಡ್ಯೂಲ್‌ಗಳನ್ನು ಕೂಡಿಡುವ ‘ಮಾಡ್‌ಪ್ರೋಬ್ಡ್-ಡಿಬಿ’ ಎಂಬ ಸಾಧನವೂ ಇದೆ. ಮಳೆಗಾಲ ದಾಟುವವರೆಗೆ ಅದನ್ನು ಓಡಿಸಿದವರಿಗೆ ನನ್ನ ಪಾಡು ಬಾರದು. ಮಾಡ್ಯೂಲ್‌ಗಳಲ್ಲದೆ ಕರ್ನೆಲ್ಲಿನೊಳಗೇ ಸೇರುವ ಆಯ್ಕೆಗಳನ್ನು ಲೋಕಲ್‌ಮಾಡ್‌ಕಾನ್ಫಿಗ್ ಮುಟ್ಟುವುದಿಲ್ಲವಾದ್ದರಿಂದ, ಡಿಸ್ಕ್ ತುಂಬಿಸುವ ಡೀಬಗ್ ಮಾಹಿತಿಯನ್ನು ಕಾನ್ಫಿಗ್ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್‌ಗೆ ಹೋಗಿ ನಾವೇ ತೆಗೆದುಹಾಕಬೇಕು.

ಬಳಕೆಯಲ್ಲಿರುವ ಮಾಡ್ಯೂಲ್‌ಗಳೆಲ್ಲವನ್ನೂ ಕರ್ನೆಲ್ಲಿನೊಳಗೇ ಸೇರಿಸುವ ‘ಲೋಕಲ್‌ಯೆಸ್‌ಕಾನ್ಫಿಗ್’ ಅನ್ನು ಒಮ್ಮೆ ನೋಡಿ ಕೈಬಿಟ್ಟೆ. ಡಿಸ್ಕ್ ತೆರೆದುಕೊಳ್ಳುವ ಮೊದಲೇ ವೈಫೈ ಡ್ರೈವರ್ ಎಚ್ಚರಗೊಂಡು, ತನಗೆ ಬೇಕಾದ, ಡಿಸ್ಕಿನಲ್ಲಿರುವ ಫರ್ಮ್‌ವೇರ್ ಕಡತ ಸಿಗದೆ ಸುಮ್ಮನಾಗುತ್ತಿತ್ತು.